ಹಾಲು ಬತ್ತಲೆಂದು ಕಟ್ಟಿದ ಹೂವು

ಹಲೋ... ಹಲೋ, ಯಾರು ಮಾತಾಡೂದು? ಹಾಂ, ಕಾಯ್ಕಿಣಿ ಮಾದೇವಿ ಮನೆಯೇ. ನೀವು ಯಾರು? ಇದೆಂತ ಇಷ್ಟುದ್ದದ ನಂಬ್ರ?

... ನಿತ್ಯಾನಾ! ಅಯ್ಯೋ, ಹೆತ್ತ ಮಗನ ದನಿಯೇ ಗುರ್ತ ಸಿಕ್ಲಿಲ್ಲ ಕಾಣು. ಎಲ್ಲಿಂದ ಮಾಡ್ತಾ ಇದ್ದೀ?

... ಆಸ್ಪತ್ರೆಯಿಂದಾ? ಮಸ್ಕತ್ತಿನ ಆಸ್ಪತ್ರೆಯಿಂದಾ? ನಿಂಗೆ ಎಂತಾ ಆತು ತಮಾ?... ಓ, ರೇಖಾನ ಅಲ್ಲಿಗೆ ಕರೆಸಿ ತೋರ್ಸೂದು ಕೇಳೂಕೆ ಹೋದದ್ದಾ. ಹಂಗೆ ಮೊದ್ಲು ಹೇಳೂಕೆ ಏನು? ನನ್ನ ಜೀವ ಬಾಯಿಗೆ ಬಂದಿತ್ತು.

... ಅವಳು ಇಲ್ಲ. ಹೂವಿನ ಚೀಲ ಕೊಡೂಕೆ ರಸ್ತೆಗೆ ಹೋಗಿದ್ದಾಳೆ, ಟೆಂಪೋ ಬರೂ ಹೊತ್ತು. ಫೋನು ಇಲ್ಲೇ ಬಿಟ್ಟು ಹೋದ್ಲು. ಬಂದ್ಮೇಲೆ ಮಾಡಿಸ್ತೆ.

... ನನ್ನ ಹತ್ರವೇ ಕೇಳೂದಾ? ಎಂತ?

... ಥೋ! ಇದೆಲ್ಲ ಗಂಡು ಮಕ್ಳು ತಾಯಿ ಹತ್ರ ಕೇಳೂ ಮಾತಾ? ನಿನ್ನ ಹೆಂಡ್ತಿ, ನೀನೇ ಕೇಳು ಅವಳ ಹತ್ರ.

... ಹಂಗಂದ್ಲಾ? ದಿನಾ ಕಾಣೂದು ಅತ್ತೆ, ಅವರ ಹತ್ರವೇ ಕೇಳಿ ಅಂದ್ಲಾ?... ಹಾಂ. ಕಾಣ್ತೆ. ಈ ಮನೇಲಿ ನಾ ಕಾಣದೇ ಇನ್ಯಾರು ಕಾಣೂದು?

... ಇರು, ಬಾಗ್ಲು ಹಾಕ್ಕಂಡು ಬತ್ತೆ. ಪಕ್ಕದ ಮನೆ ಸರೋಜಾ ಜಗಲಿ ಮೇಲೇ ಕೂತಿದ್ದಾಳೆ. ಅವಳ ಕಿವಿಗೆ ಒಂದು ಬಿದ್ರೆ ಮುರ್ಡೇಶ್ವರದವರೆಗೂ ಡಂಗುರ.

... ಹಾಂ, ಹೇಳು. ಡಾಕ್ಟ್ರು ಎಂತೆಂತ ಕೇಳ್ತಾರೆ?

... ಯಾವಾಗಿಂದ ಅಂದ್ರೆ, ಅವಳ ಎದೆಯಿಂದ ಹಾಲು ಬರೂಕೆ ನಾಗರಪಂಚಮಿ ಹೊತ್ತಿಗೆ ಸುರು ಆದದ್ದು. ಈಗ ದೀಪಾವಳಿಯೂ ದಾಟ್ತು.

... ಯಾವ ಬದಿ? ಎರಡೂ ಬದಿ ಅಂತ ಬರ್ಸು. ಹಾಲು ಅಂದ್ಮೇಲೆ ಎರಡೂ ಬದಿಗೆ ಬರೂದೇ ಅಲ್ವಾ?

... ನಾ ಕಣ್ಣಾರೆ ಕಂಡದ್ದಾ?... ಕಂಡದ್ದು ಎಡಗಡೆ. ಎಡಗಡೆ ಒಂದೇ. ತೊಟ್ಟಿನ ಒಂದೇ ಜಾಗದಿಂದ.

... ಇಲ್ಲ, ಹಿಂಡದೇನೇ. ತನ್ನಷ್ಟಕ್ಕೇ ಬಂದು ರವಕೆಗೆ ಕಲೆ ಆಗ್ತಿತ್ತು. ಆಮೇಲಾಮೇಲೆ ನಾನೇ ಹಿಂಡಿ ತೆಗೀತಿದ್ದೆ. ಹಾಲು ಒಳಗೇ ಉಳಿದ್ರೆ ಗಂಟು ಕಟ್ತದೆ ಅಂತ.

... ಹಿಂಡಲೇಬಾರದಾ? ಹಿಂಡಿದ್ರೆ ಮತ್ತೂ ಬತ್ತದಾ?... ನಂಗೆ ಯಾರು ಹೇಳಿದ್ರು ಅದನ್ನ? ಆತು, ಆತು. ದೇವರಾಣೆ, ಇನ್ನು ಮುಟ್ಟೂದಿಲ್ಲ.

... ಮಾತ್ರೆ? ಎಂತ ಮಾತ್ರೆಯೂ ಇಲ್ಲ. ತಲೆನೋವಿಗೂ ತಿನ್ನೂಳಲ್ಲ ಅವಳು... ಮಾತ್ರೆಯಿಂದ್ಲೂ ಹಾಲು ಬರೂದುಂಟಾ? ಹೌದಾ! ಇಲ್ಲ ಇಲ್ಲ. ಮುಟ್ಟು ಸಮಾ ಆಗ್ತದೆ... ಬಸುರಿಯಾ? ನೀ ಊರಿಗೆ ಬಾರದೇ ಎಷ್ಟು ಕಾಲ ಆತು, ಒಳ್ಳೆ ಮಳ್ಳು ಪ್ರಶ್ನೆ!

... ಔಷಧ? ಔಷಧ ಅಂತ ಕೊಡ್ಲಿಲ್ಲ. ಹೂವು ಕಟ್ಟಿದ್ದೆ... ಹೂವು, ಮಲ್ಲಿಗೆ. ನಮ್ಮ ಗಿಡದ್ದೇ. ಮೊಗ್ಗಿನ ದಂಡೆ ಎದೆಗೆ ಸುತ್ತಿ ಮೇಲಿಂದ ಬಟ್ಟೆ ಬಿಗಿದ್ರೆ ಹಾಲು ಬತ್ತಿಹೋಗ್ತದೆ. ನಿಂಗೆ ಹಾಲು ಬಿಡಿಸೂವಾಗ ನನ್ನ ಅತ್ತೆ ನಂಗೆ ಕಟ್ಟಿದ್ರು. ಅರ್ಚಿತಾಗೆ ಬಿಡಿಸೂವಾಗ ನಾ ರೇಖಾಗೆ ಕಟ್ಟಿದ್ದೆ. ಬತ್ತಿತ್ತಲ್ಲ ಆಗ!

... ಗೊತ್ತು ತಮಾ, ನಿನ್ನ ಮಗಳು ಈಗ ನಾಲ್ಕನೇ ಈಯತ್ತೆ. ನಂಗೂ ಲೆಕ್ಕ ಬತ್ತದೆ. ಎಲ್ಲೋ ಒಳಗೆ ಉಳಿದ ಹಾಲು ಅಂದ್ಕಂಡೆ.

... ಬಣ್ಣ?... ಬಿಳಿ. ಬಿಳಿ ಅಂತ ಬರ್ಸು.

... ಒಂದೇ ಮಾತು ಎಷ್ಟು ಸಲ ಕೇಳ್ತೀ ನಿತ್ಯಾ? ಬಿಳಿ ಅಂದೆ ಅಲ್ವಾ?

... ಬಣ್ಣದ ಮೇಲೇ ಎಲ್ಲಾ ಹೋಗ್ತದಾ? ಹಾಂ... ಹಾಂ... ಎರಡೂ ಬದಿ, ಹಾಲಿನ ಹಂಗೇ ಇದ್ರೆ ರಕ್ತ ತಪಾಸಣೆ, ಮಿದುಳಿನ ಬುಡದ ಗ್ರಂಥಿ ಕಾಣೂದು. ಅದು ಸಾವಕಾಶ ಆದ್ರೂ ಅಡ್ಡಿಲ್ಲ, ಅಲ್ಲಿಗೆ ಬಂದೇ ಮಾಡ್ಸಬಹುದು. ಹಾಂ... ಮತ್ತೆ ಕೆಂಪಾದ್ರೆ?

... ಸುಮ್ನೆ ಕೇಳ್ದೆ. ಕೆಂಪಾದ್ರೆ ಎಂತ ಅಂತಾರೆ? ನಿಲ್ಲಿಸಬೇಡ, ಹೇಳು.

... ಎದೆ ಫೋಟೋ, ಮ್ಯಾಮೊಗ್ರಾಮಾ? ಸ್ಕ್ಯಾನು. ಸಂಶಯ ಕಂಡ್ರೆ ಸೂಜಿ ಹಾಕಿ ತುಣುಕು ತೆಗ್ಯೂದು... ವಿಮಾನ ಹತ್ತೂದಕ್ಕೂ ಮೊದ್ಲೇ? ಇಲ್ಲೇ ಮಾಡ್ಸಬೇಕಾ? ವೀಸಾ ಬರ್ಲಿ, ಅಲ್ಲಿ ಆಸ್ಪತ್ರೆಲಿ ಸರದಿ ಸಿಕ್ಲಿ ಅಂತ ಕಾಯೂಕೇ ಆಗುದಿಲ್ವಾ?

... ತಮಾ, ಕೂತಿದ್ಯಾ, ನಿಂತಿದ್ಯಾ? ಕೂತ್ಕ.

... ಬಿಳಿ ಅಲ್ಲ. ನಾ ಸುಳ್ಳು ಹೇಳ್ದೆ. ಮೊದಮೊದ್ಲು ನೀರಿನ ಹಂಗಿತ್ತು, ಆಮೇಲೆ ಕೆಂಪು. ಬೆಳಿಗ್ಗೆ ದಂಡೆ ಬಿಚ್ಚೂವಾಗ ಮೊಗ್ಗೆಲ್ಲ ಕೆಂಪಾಗಿತ್ತು. "ಅತ್ತೆ, ಇದೆಂತ ಬಣ್ಣ?" ಅಂದ್ಲು ಅವಳು. ಬಾಡಿದ ಮಲ್ಲಿಗೆ ಇದೇ ಬಣ್ಣ ಹೆಣ್ಣೇ ಅಂದೆ. ಹುಟ್ಟಿದಾರಭ್ಯ ಮಲ್ಲಿಗೆ ಕೊಯ್ದವಳಿಗೆ ಬಾಡಿದ ಹೂವು ಯಾವ ಬಣ್ಣ ಅಂತ ಗೊತ್ತಿಲ್ವಾ? ಗೊತ್ತಿತ್ತು ತಮಾ. ಗೊತ್ತಿದ್ದೇ ಅಂದೆ. ಮತ್ತೆ ಕಾಣಬಾರ್ದು ಅಂತ ದಂಡೆ ತಕ್ಕಂಡ್ಹೋಗಿ ತೆಂಗಿನ ಬುಡಕ್ಕೆ ಹುಗಿದೆ. ರವಕೆ ನಾನೇ ತೊಳ್ದೆ.

... ಎಂತಕ್ಕೆ ಅಂದ್ರೆ? ಹೆದ್ರಿಕೆ, ಮತ್ತೆಂತ! ಕರ್ಕಿಯ ಅವಳ ದೊಡ್ಡಮ್ಮ ಎದೆಯ ಯಾವ ರೋಗದಲ್ಲಿ ಹೋದದ್ದು ನಿಂಗೆ ಗೊತ್ತಲ್ಲ. ಅದರ ಹೆಸರು ಎತ್ತಿದ್ರೆ ಅದು ಮನೆ ಒಳಗೇ ಬತ್ತದೆ ಅನಿಸ್ತು... ಹಾಂ, ದೊಡ್ಡಮ್ಮಂದೂ ಡಾಕ್ಟ್ರಿಗೆ ಹೇಳು. ಅದನ್ನೂ ಬರ್ಸು.

... ತೋರಿಸ್ಲಿಲ್ಲ ಅಂತಲ್ಲ. ಹೊನ್ನಾವರದ ಲೇಡಿ ಡಾಕ್ಟ್ರಿಗೆ ತೋರ್ಸಿದ್ದೆವು, ನವರಾತ್ರಿಗೂ ಮೊದ್ಲು. ಮಂಗಳೂರಿಗೆ ಹೋಗಿ ಎದೆ ಫೋಟೋ ಮಾಡ್ಸಿ, ತಡ ಮಾಡಬೇಡಿ ಅಂದಿದ್ರು. ರೇಖಾ ಹೋಗ್ವಾ ಅಂದ್ಲು. ನಾನೇ ಬೇಡ ಅಂದೆ. ಹ್ಯಾಂಗೂ ನಿತ್ಯಾ ಮಸ್ಕತ್ತಿಗೆ ಕರೆಸ್ಕಂತ, ಅಲ್ಲಿ ದೊಡ್ಡ ದೊಡ್ಡ ಮೆಶಿನ್ನು ಅದೆ, ಇಲ್ಲಿ ಎಂತಕ್ಕೆ ಕೈ ಹಾಕ್ಸೂದು ಅಂದೆ. ಹೂವಿನ ಕಾಲ ಬೇರೆ, ಅವಳಷ್ಟು ಚುರುಕಾಗಿ ದಂಡೆ ಕಟ್ಟೂಕೆ ಇನ್ಯಾರಿದ್ದಾರೆ ಮನೇಲಿ? ನಿನ್ನ ಹೆಸರು ಹೇಳಿ ತಪ್ಪಿಸ್ದೆ ತಮಾ. ನೀ ಅಲ್ಲಿ ಅವಳಿಗೆ ಅಂತ ಓಡಾಡೂದು, ನಾ ಇಲ್ಲಿ ಅದನ್ನೇ ನೆಪ ಮಾಡೂದು.

... ನಿತ್ಯಾ? ಬೈಯಿ. ಬಾಯಿ ತುಂಬಾ ಬೈಯಿ.

... ಹಾಂ? ಕೆಂಪೆಲ್ಲಾ ಅದೇ ಅಲ್ವಾ? ಹಾಲಿನ ನಾಳದ ಒಳಗೆ ಸಣ್ಣ ದುರ್ಮಾಂಸ ಬೆಳೆದ್ರೂ ಹಿಂಗೇ ಬತ್ತದಾ? ಹೆಚ್ಚಿನವರಿಗೆ ಅದೇನಾ?... ಡಾಕ್ಟ್ರೇ ಅಂದ್ರಾ, ನನ್ನ ಸಮಾಧಾನಕ್ಕೆ ನೀ ಹೇಳೂದಾ?... ಆದ್ರೂ ತಪಾಸಣೆ ಮಾಡದೇ ಹೇಳೂಕಾಗುದಿಲ್ಲ. ಹಾಂ. ಅರ್ಥ ಆತು.

... ಗಂಟು ನನ್ನ ಕೈಗೆ ಸಿಕ್ಲಿಲ್ಲ. ಆದ್ರೆ ನನ್ನ ಕೈಯನ್ನು ನಂಬಿ ಎಂತದೂ ಬರ್ಸಬೇಡ. ಡಾಕ್ಟ್ರೇ ಕಾಣ್ಲಿ.

... ನಾಳೆಯೇ ಮಂಗಳೂರಿಗೆ ಹೋಗ್ತೆವು. ಇವತ್ತೇ ದುರ್ಗಪ್ಪನ ಕಾರಿಗೆ ಹೇಳ್ತೆ, ಬೆಳಿಗ್ಗೆ ಬೇಗ ಹೊರಟ್ರೆ ಆತು. ಹೂವು ಗಿಡದಲ್ಲೇ ಅರಳಿ ಬೀಳ್ಲಿ, ನಂಗೆ ಬೇಡ. ಫೋಟೋದ ರಿಪೋರ್ಟು ನಿಂಗೆ ಕಳಿಸ್ತೆವು, ನೀ ಅಲ್ಲಿ ತೋರ್ಸು. ಅಲ್ಲಿಗೆ ಬರೂದಾ, ಇಲ್ಲೇ ಔಷಧವಾ, ಆಮೇಲೆ ಅವಳೇ ನಿಶ್ಚಯ ಮಾಡ್ಲಿ. ನಾ ನಡುವೆ ಬಾಯಿ ಹಾಕೂದಿಲ್ಲ.

... ಬಂದ್ಲು ಕಾಣ್ತದೆ, ಗೇಟು ಸದ್ದಾತು... ಇಲ್ಲ, ನೀ ಹೇಳಬೇಡ. ಸುಳ್ಳು ಹೇಳ್ದವಳು ನಾನು, ನಾನೇ ಹೇಳ್ತೆ. ಇರು, ಸ್ಪೀಕರಿಗೆ ಹಾಕ್ತೆ.

ರೇಖಾ, ಬಾ ಹೆಣ್ಣೇ. ಕೈಕಾಲು ಆಮೇಲೆ ತೊಳೆದ್ರಾತು, ಕೂತ್ಕ ಇಲ್ಲಿ. ನಿತ್ಯಾ ಫೋನಲ್ಲಿದ್ದಾನೆ... ನೀ ಅವತ್ತು ದಂಡೆಯ ಬಣ್ಣ ಕೇಳಿದ್ಯಲ್ಲ. ಬಾಡಿದ ಹೂವು ಅಂದೆ ನಾನು. ಅದು ಹೂವಿಂದಲ್ಲ ಮಗಾ. ಅದು ರಕ್ತ.

... ಎಂತ? ಗೊತ್ತಿತ್ತಾ?

... ಗೊತ್ತಿದ್ದೂ ದಿನಾ ನನ್ನ ಎದ್ರಿಗೆ ಬಂದು ಕೂತ್ಯಾ? ದಿನಾ ಹೂವು ಕಟ್ಟಿಸ್ಕಂಡ್ಯಾ?

... ನಾ ದಂಡೆ ಹುಗಿಯೂದು ಕಂಡಿದ್ಯಾ? ನನ್ನ ಹೆದ್ರಿಕೆ ಕಂಡು ನೀ ಬಾಯಿ ಬಿಡ್ಲಿಲ್ವಾ ಹೆಣ್ಣೇ?

... ನಿತ್ಯಾ, ಕೇಳ್ದ್ಯಾ ಇವಳು ಹೇಳೂದು?... ತಮಾ?... ಆತು, ಫೋನು ಇಡು, ನಾ ಈಗ್ಲೇ ದುರ್ಗಪ್ಪನ ಕಾರಿಗೆ ಹೇಳ್ತೆ, ನಾಳೆ ಇವಳ ಜೊತೆ ನಾನೂ ಹೋಗ್ತೆ.