ವಕೀಲರ ಇದ್ದಿಲು ಮೋಟಾರು

ಇದು ನಮ್ಮ ದೊಡ್ಡಪ್ಪನ ಮಗ ಗುರಣ್ಣನಿಗೆ ಆದದ್ದು. ಎಲ್ಲೋ ಕೇಳಿದ ಕತೆಯಲ್ಲ. ಕಂದೀಲು ಸ್ವಲ್ಪ ಸಣ್ಣದು ಮಾಡಿ, ಹೇಳುತ್ತೇನೆ.

ಆ ರಾತ್ರಿ ಗುರಣ್ಣ ಅಫಜಲಪುರದ ದಾರಿಯಿಂದ ಕರಜಗಿಗೆ ನಡೆದು ಬರುತ್ತಿದ್ದ. ನಡೆದು ಯಾಕೆ ಅಂದರೆ, ಮೋಟಾರು ನಿಂತುಬಿಟ್ಟಿತ್ತು. ಮೋಟಾರು ಅವನದಲ್ಲ, ವಿಠ್ಠಲರಾವ ವಕೀಲರದು, ಇವನು ಡ್ರೈವರ್. ನಿಂತದ್ದು ಆಲದ ಮರದ ಬಾವಿಯ ಎದುರಿಗೆ. ಹೋದ ವಾರವೂ ಅಲ್ಲೇ. ಅದರ ಹಿಂದಿನ ವಾರವೂ ಅಲ್ಲೇ…

ಬಾವಿಯ ನೀರು ಸೇದುವ ಗಡಗಡಿ ಗಾಳಿಗೆ ಕಿರ್ರ್… ಕಿರ್ರ್… ಅನ್ನುತ್ತಿತ್ತು. ಆಮೇಲೆ ಅದೂ ಸುಮ್ಮನಾಯಿತು. ಗುರಣ್ಣ ತಿರುಗಿ ನೋಡಲಿಲ್ಲ. ಅಂಜಿಕೊಂಡು ಅಲ್ಲ. ಹೆಂಡತಿ ಚಂದಮ್ಮ ಸತ್ತು ಎರಡು ತಿಂಗಳಾಗಿತ್ತು. ಅಂದಿನಿಂದ ಅವನಿಗೆ ಅಂಜಿಕೆ ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಉಂಡರೆ ರುಚಿ ತಿಳಿಯುತ್ತಿರಲಿಲ್ಲ.

ಮೋಟಾರು ಹಳೆಯದೇನಲ್ಲ. ಸೊಲ್ಲಾಪುರದಲ್ಲಿ ಒಬ್ಬ ಸಾಹೇಬ ಕೊಂಡು, ಹೆಚ್ಚು ಓಡಿಸದೇ ಮಾರಿದ್ದು. ಬಾಗಿಲಿನ ಬಣ್ಣದಲ್ಲಿ ಮುಖ ಕಾಣುತ್ತಿತ್ತು. ಆದರೆ ಅದು ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಅದಕ್ಕಾಗಿ ಹಿಂದೆ ಕಬ್ಬಿಣದ ದೊಡ್ಡ ಡಬ್ಬಿ ಕೂಡಿಸಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಮೋಟಾರು ಓಡಿಸುತ್ತಿದ್ದರು. ಈಗಿನವರು ನಂಬಲಿಕ್ಕಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ.

ನಿಲ್ಲುವುದು ಪ್ರತಿ ಸಲ ಒಂದೇ ರೀತಿ. ಗುರ್ರ್… ಗುರ್… ಫುಸ್. ಸೊಲ್ಲಾಪುರದ ಮಿಸ್ತ್ರಿ ಬಂದು ಕೊಳವೆ ಬಿಚ್ಚಿದ, ಊದಿದ, "ಏನೂ ಆಗಿಲ್ಲ" ಅಂದು ಹೋದ. ಎತ್ತು ಕಟ್ಟಿ ಬಾವಿ ದಾಟಿಸಿದರೆ ತಾನಾಗಿ ಓಡುತ್ತಿತ್ತು.

ಮರುದಿನ ವಕೀಲರು ಕರೆಸಿದರು.

"ಏನಲೇ ಗುರಣ್ಣಾ, ಮೋಟಾರಿಗಿ ನೀರಡಿಕಿ ಆಗ್ತದೇನು, ಬಾವಿ ಕಂಡಕೂಡ್ಲೇ ನಿಲ್ಲಾಕ?"

"ಗೊತ್ತಿಲ್ರಿ ಧಣಿ."

"ಗಾಡಿ ಹೊಸಾದು. ಕೆಟ್ಟಿದ್ದು ನಿನ್ನ ಕೈ. ಇನ್ನೊಂದ್ಸಲ ನಿಂತ್ರ ಕೀಲಿ ಇಟ್ಟು ನಡಿ."

ಮನೆಯಲ್ಲಿ ನಾಲ್ಕು ವರ್ಷದ ಮಗಳು ಶಿವಕಾಂತಾ ಇದ್ದಳು. ಈ ಕೆಲಸ ಹೋದರೆ ಅವಳ ಊಟ ಹೋಗುತ್ತಿತ್ತು. ಅದು ಗುರಣ್ಣನಿಗೆ ಗೊತ್ತಿತ್ತು. ಗೊತ್ತಿದ್ದರೂ ಎದೆ ಮಾತ್ರ ಕಲ್ಲಿನ ಹಾಗೇ ಇತ್ತು.

ಅವನು ಇದ್ದಿಲು ಮಾರುವ ಮಲ್ಕಮ್ಮನ ಹತ್ತಿರ ಹೋದ.

"ಆಯಿ, ಇದ್ದಿಲಿನಾಗ ಮಣ್ಣು ಕೂಡಸ್ತಿ ಏನ್?"

"ಮಣ್ಣು ನನ್ನ ಬಾಯಾಗ ಬೀಳ್ಲಿ! ಗಟ್ಟಿ ಜಾಲಿ ಕಟಗಿ ಅದು."

"ಎಲ್ಲಿಂದ ತಂದಿ?"

ಮುದುಕಿ ಅತ್ತಿತ್ತ ನೋಡಿದಳು. ಆಮೇಲೆ ದನಿ ತಗ್ಗಿಸಿದಳು… "ಹೊಳಿದಂಡ್ಯಾಗ ಬಿದ್ದಿತ್ತೋ ಯಪ್ಪಾ. ಅರ್ಧ ಸುಟ್ಟಿತ್ತು. ಮಳಿ ಬಂದು ಆರಿತ್ತು. ಮುಟ್ಟಬಾರದು, ಖರೇ. ಕಟಗಿ ಎಲ್ಲೂ ಸಿಗವಲ್ದು… ಏನ್ ಮಾಡ್ಲಿ?"

ಇದನ್ನು ಬಿಡಿಸಿ ಹೇಳಬೇಕು. ಆ ಊರಲ್ಲಿ ಬಹಳ ಮಂದಿ ಹೂಳುವವರು. ಸುಡುವವರು ನಮ್ಮ ನಾಲ್ಕು ಮನೆ ಮಾತ್ರ. ಮೂರನೆಯ ದಿನ ಬೂದಿಯ ಜೊತೆ ಉಳಿದ ಕಟ್ಟಿಗೆಯನ್ನೂ ಭೀಮಾ ಹೊಳೆಗೆ ಬಿಡಬೇಕು, ಅದು ಗಂಡನ ಕೆಲಸ. ಗುರಣ್ಣ ಬೂದಿ ಬಿಟ್ಟಿದ್ದ. ಕಟ್ಟಿಗೆಯ ನೆನಪೇ ಆಗಿರಲಿಲ್ಲ. ಆ ಮಳೆಗಾಲದಲ್ಲಿ ಹೊಳೆದಂಡೆಯಲ್ಲಿ ಉರಿದದ್ದು ಒಂದೇ ಚಿತೆ.

ಇನ್ನೂ ಒಂದು ಮಾತಿದೆ. ಚಂದಮ್ಮ ಜ್ವರದಲ್ಲಿ ಮಲಗಿದ್ದಾಗ ಗಂಡನನ್ನು ಕೇಳಿದ್ದಳು, "ಧಣ್ಯಾರ್ನ ಒಂದ್ಸಲ ಕೇಳ್ರಿ… ಮೋಟಾರಿನಾಗ ದವಾಖಾನಿಗಿ ಒಯ್ರಿ." ಅವನು "ನಾಳಿ ಕೇಳ್ತೇನಿ" ಅಂದ. ಮೂರು ದಿನ ಹಾಗೇ ಅಂದ. ಧಣಿಯನ್ನು ಕೇಳಲು ಬಾಯಿ ಬರಲಿಲ್ಲ. ಕೊನೆಗೆ ಎತ್ತಿನ ಬಂಡಿಯಲ್ಲಿ ಒಯ್ದರು. ಆಲದ ಮರದ ಬಾವಿಯ ಎದುರಿಗೆ ಉಸಿರು ನಿಂತಿತು.

ಬೇರೆ ಇದ್ದಿಲು ಇರಲಿಲ್ಲ. ಗುರಣ್ಣ ಅದೇ ಚೀಲ ಹೊತ್ತುಕೊಂಡು ಬಂದ.

ಮುಂದಿನ ಪೇಶಿಯ ದಿನ, ಅಂದರೆ ಕಚೇರಿಯ ತಾರೀಖಿನ ದಿನ, ಅಫಜಲಪುರದಿಂದ ಹೊರಡುವಾಗಲೇ ಕತ್ತಲಾಗಿತ್ತು. ವಕೀಲರು ಹಿಂದಿನ ಸೀಟಿನಲ್ಲಿದ್ದರು. ಆಲದ ಮರ ಬಂತು. ಗುರ್ರ್… ಗುರ್… ಫುಸ್.

ಎಲೆ ಅಲುಗುವ ಸಪ್ಪಳವಿಲ್ಲ.

"ಇಳಿ," ಅಂದರು ವಕೀಲರು. "ಕೀಲಿ ಕೊಡು."

ಗುರಣ್ಣ ಇಳಿದ. ಕೀಲಿ ಕೊಡಲಿಲ್ಲ. ಹಿಂದಿನ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಅಂದ, "ಧಣಿ… ಮೋಟಾರು ಬೇಕಾಗಿತ್ರಿ."

"ಏನಂದಿ?"

"ದವಾಖಾನಿ ತನಕ. ನಮ್ಮಾಕಿನ್ನ ಒಯ್ಯಬೇಕು. ನೀವು ಮುಂದ ಕೂಡ್ರಿ."

"ಹುಚ್ಚಗಿಚ್ಚ ಹಿಡದದೇನಲೇ? ಆಕಿ ಸತ್ತು…" ವಕೀಲರು ಮಾತು ನುಂಗಿದರು. ಅವರು ಗುರಣ್ಣನ ಮುಖ ನೋಡುತ್ತಿರಲಿಲ್ಲ. ಅವನ ಪಕ್ಕಕ್ಕೆ ನೋಡುತ್ತಿದ್ದರು. ಇಳಿದು, ಮುಂದೆ ಬಂದು ಕೂತರು.

ಗುರಣ್ಣ ಬಾಗಿಲು ಹಿಡಿದು ನಿಂತ. ಒಬ್ಬರು ಹತ್ತಿ ಕೂತು, ಸೀರೆ ಸರಿ ಮಾಡಿಕೊಳ್ಳುವಷ್ಟು ಹೊತ್ತು. ಆಮೇಲೆ ಹಾಕಿದ. ಟಕ್.

ಕೀಲಿ ತಿರುಗಿಸಿದ ಕೂಡಲೇ ಇಂಜಿನ್ನು ಹಿಡಿಯಿತು. ಮೋಟಾರು ಹೊರಳಿಸಿಕೊಂಡು ಬಂದ ದಾರಿಯಲ್ಲೇ ಅಫಜಲಪುರಕ್ಕೆ ಹೋದ. ದವಾಖಾನೆಯ ಗೇಟಿನ ಮುಂದೆ ಇಳಿದು ಹಿಂದಿನ ಬಾಗಿಲು ತೆರೆದ. ನಿಂತ. ಮುಚ್ಚಿದ. ಅವನಿಗೆ ಆಗಲೂ ಅಳು ಬರಲಿಲ್ಲ, ಕೈ ಮಾತ್ರ ತಣ್ಣಗಾಗಿತ್ತು. ತಿರುಗಿ ಬರುವಾಗ ಬಾವಿ ಬಂತು, ಹೋಯಿತು. ಮೋಟಾರು ನಿಲ್ಲಲಿಲ್ಲ.

ಮತ್ತೆಂದೂ ನಿಲ್ಲಲಿಲ್ಲ. ಗುರಣ್ಣನ ಕೆಲಸವೂ ಹೋಗಲಿಲ್ಲ. ಆ ರಾತ್ರಿಯ ಮಾತು ವಕೀಲರು ಯಾರ ಮುಂದೆಯೂ ಆಡಲಿಲ್ಲ. ಆದರೆ ಅಂದಿನಿಂದ ಅವರು ಡ್ರೈವರನ ಪಕ್ಕದಲ್ಲೇ ಕೂಡುತ್ತಿದ್ದರು. ಹಿಂದೆ ಯಾರನ್ನೂ ಕೂಡಿಸಲಿಲ್ಲ, ಹೆಂಡತಿಯನ್ನೂ.

ಯುದ್ಧ ಮುಗಿದ ಮೇಲೆ ಮೋಟಾರು ಮಾರಿದರು. ನೋಡಲು ಹೋದವರಲ್ಲಿ ನಾನೂ ಇದ್ದೆ. ಮುಂದಿನ ಸೀಟು ಹರಿದು ನಾರು ಕಾಣುತ್ತಿತ್ತು. ಹಿಂದಿನ ಸೀಟಿನ ಚರ್ಮ ಇನ್ನೂ ಹೊಸದು, ಒಂದು ಗೀರಿಲ್ಲ. ಎಡಗಡೆಯ ಮೂಲೆಯಲ್ಲಿ ಮಾತ್ರ ಒಳಗಿನ ಸ್ಪ್ರಿಂಗು ಕುಸಿದು ತಗ್ಗು ಬಿದ್ದಿತ್ತು, ದಿನಾಲೂ ಒಬ್ಬರೇ ಕೂತು ಬಂದ ಹಾಗೆ… ಖರೇ ಹೇಳುತ್ತೇನೆ, ನಾನು ಕೈ ಇಟ್ಟು ನೋಡಿದ್ದೇನೆ.