ಸೈಕಲ್ ಟ್ಯೂಬಿನ ವಾಷರ್

ಧಾರವಾಡಕ್ಕೆ ಹೊರಟ ಬಸ್ಸಿನಲ್ಲಿ ವಾಣಿಶ್ರೀಯ ಮುಂದಿನ ಸೀಟಿನಲ್ಲಿ ಹಳೆ ಬೈಕಿನ ಹುಚ್ಚಿದ್ದ ಇಬ್ಬರು ಮಾತಿಗೆ ಕೂತಿದ್ದರು, ಒಬ್ಬ ಹರೆಯದವ, ಒಬ್ಬ ಮುದುಕ.

“ಪೆಟ್ರೋಲ್ ಟಾಕಿ ನಳಕ್ಕ ಏನ್ ವಾಷರ್ ಹಾಕಿದ್ದೆಪಾ, ಪ್ರಸಾದ?”

“ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದ್ದೆ, ಶಾಂತಯ್ಯಕಾಕಾ. ಎಂಜಿನ್ ಮುಚ್ಚಳದ ಗ್ಯಾಸ್ಕೆಟ್ಟೂ ರಟ್ಟಿನಾಗ ನಾನ ಕತ್ತರಿಸಿದ್ದೆ, ಅದು ಛಲೋ ಕುಂತಿತ್ತು.”

“ಟ್ಯೂಬಿನ ರಬ್ಬರ್ ಪೆಟ್ರೋಲ್ ಕುಡದು ಹಪ್ಪಳದಂಗ ಉಬ್ಬತೈತಿ, ಶಾಣ್ಯಾ! ಪೆಟ್ರೋಲ್ ತಡಿಯೋ ರಬ್ಬರ್ ಬ್ಯಾರೇನ ಇರತೈತಿ.”

“ಉಬ್ಬಿ ಸೋರಿತ್ರಿ. ಖಂಡೇನವಮಿ ದಿನ ಆಯುಧಪೂಜಿಗಂತ ಗೌರಿ ಬೈಕಿಗೆ ಆರತಿ ಬೆಳಗಾಕ ಹೋದ್ಲು, ಭಗ್ಗಂತ ಹತ್ತಿತು. ಆಕಿ ಕೈ ಸುಟ್ಟುವು.”

ವಾಣಿಶ್ರೀ ಮುಂದಕ್ಕೆ ಬಾಗಿ ಕಿವಿಗೊಟ್ಟಳು.

“ಈಗ ಹೆಂಗದಾಳ ನಿನ್ನ ಹೆಂಡ್ತಿ?”

“ಕೈ ಮಾದಾವು. ಆದ್ರ ತನ್ನ ಪೂಜ್ಯಾಗ ತಪ್ಪಾತು, ದೇವರು ಮುನದಾನ ಅಂತ ಒಪ್ಪತ್ತು ಉಣ್ಣಾಕತ್ತಾಳ್ರಿ. ದೀಪಾ ಹಚ್ಚಾಕೂ ಅಂಜತಾಳ.”

“ತಪ್ಪು ವಾಷರಿಂದು ಅಂತ ಹೇಳಿಲ್ಲೇನೋ?”

“ಹೇಳಿದ್ರ ಬೈಕ್ ಗುಜರಿಗೆ ಹೋಗತೈತ್ರಿ.”

“ಥೂ ನಿನ್ನ! ನೀ ಹೇಳದಿದ್ರ ಇವತ್ತ ನಾ ಹೇಳತೇನಿ.”

“ಹೇಳ್ರಿ. ಸಂಜೀಕ ಆಕಿ ನಿಮ್ಮ ಮನ್ಯಾಗ ಕಾಕೂಗ ಹೇಳತಾಳ. ಆಮ್ಯಾಲೆ ನಿಮ್ಮ ಬೈಕೂ ಅದ ಗುಜರಿಗೆ.”

ವಾಣಿಶ್ರೀ ಶಾಂತಯ್ಯನ ಬೆನ್ನನ್ನೇ ನೋಡುತ್ತಿದ್ದಳು. ಉಣಕಲ್ ಬಂತು, ಇಬ್ಬರೂ ಎದ್ದರು.

“ಆತು ಬಿಡು, ನಾನೂ ಯಾರಿಗೂ ಹೇಳೂದಿಲ್ಲ,” ಎಂದು ಮುದುಕ ಇಳಿದುಹೋದ.