ಗುಂಪಿಯ ಮೂರು ಕಲ್ಲು

ಬಾಗಿಲು ಮುಂದೆ ಮಾಡಿ ಕೂಡ್ರಿ... ಹಾಂ, ಹಂಗ. ಶಿವನನ್ನು ನೆನೆದೇ ಸುರು ಮಾಡುತ್ತೇನೆ. ಇಂಥದ್ದನ್ನು ಬಾಯಿ ಚಪಲಕ್ಕೆ ಹೇಳಬಾರದು.

ನಮ್ಮ ಸೂಡಿಯ ಹೂವಪ್ಪನಿಗೆ ಆದದ್ದು. ನಮ್ಮದೂ ಅವನದೂ ಒಂದೇ ಗೋಡೆ. ಮೂರು ವರ್ಷದ ಹಿಂದಿನ ಶ್ರಾವಣ. ಹೆಂಡತಿ ಬಾಳವ್ವ ಆಪರೇಷನ್ ಆಗಿ ಉಳಿದು ಬಂದರೆ ಬರಿಗಾಲಲ್ಲಿ, ಡಾಂಬರು ರಸ್ತೆ ಮುಟ್ಟದೆ, ಗುಡ್ಡದ ನೆತ್ತಿಯ ಮೇಲಿಂದಲೇ ನಡೆದು ಕಾಲಕಾಲೇಶ್ವರನ ಪಾದಕ್ಕೆ ಬರುತ್ತೇನೆಂದು ಬೇಡಿಕೊಂಡಿದ್ದ. ದೇವರು ನಡೆಸಿಕೊಟ್ಟ. ಇನ್ನು ಇವನು ನಡೆಯಬೇಕು.

ಜೊತೆಗೆ ಹೊರಟವನು ಬಾಳವ್ವನ ತಮ್ಮ ಶಶಿಕಾಂತ. ರೋಣದಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಮಾತಿನ ಮಲ್ಲ. ಹೊಸ್ತಿಲಲ್ಲಿ ಬಾಳವ್ವ ಗಂಡನ ಕೈ ಹಿಡಿದಳು.

"ನನಗ ತೌರು ಅಂತ ಇರೂದು ಇಂವ ಒಬ್ಬನ ರೀ. ಮಳಿ ಬ್ಯಾರೆ ಐತಿ. ಹುಷಾರ್ಲೆ ಕರ್ಕೊಂಡ ಬರ್ರಿ."

ಹೂವಪ್ಪ ಕೊರಳಿನ ಲಿಂಗ ಮುಟ್ಟಿ ಹೂಂ ಅಂದ. ಅಷ್ಟೇ. ಆದರೆ ಅವನು ಹೂಂ ಅಂದರೆ ಅದು ಆಣೆ.

ಬೆಳಕು ಹರಿಯುವ ಮೊದಲೇ ಗುಡ್ಡ ಹತ್ತಿದರು. ಜಿಟಿಜಿಟಿ ಮಳೆ. ಮಂಜು ಎಷ್ಟು ದಟ್ಟವೆಂದರೆ ಚಾಚಿದ ಕೈ ಕಾಣದು. ಕಾಲಡಿಯಲ್ಲಿ ಪಚಕ್... ಪಚಕ್. ತಲೆಯ ಮೇಲೆಲ್ಲೋ ಕಾಣದ ಗಾಳಿಯಂತ್ರದ ರೆಕ್ಕೆ... ಹೂಂವ್... ಹೂಂವ್...

"ಮಾವಾರ, ಇಂಥಾ ಮಂಜಿನ್ಯಾಗ ನೀವು ಬಂದದ್ದು ದೇವರಿಗರ ಕಾಣಬೇಕಲ್ರಿ?"

"ಅವಗ ಮೂರ ಕಣ್ಣ ಅದಾವ. ನೀ ಎರಡ ಇದ್ದೂ ಸಗಣಿ ತುಳದಿ ನೋಡ."

ಹೀಗೆ ನಕ್ಕೊಂತ ಮಧ್ಯಾಹ್ನದವರೆಗೆ ನಡೆದರು. ಮಧ್ಯಾಹ್ನವೇ ಸಂಜಿಯಂತೆ ಕಪ್ಪಾಗಿತ್ತು. ಅಷ್ಟೊತ್ತಿಗೆ ದಾರಿಯ ಪಕ್ಕ ಎದೆಯೆತ್ತರದ ಕಲ್ಲಗುಂಪಿ ಬಂತು. ತಲೆಮಾರುಗಳ ಹಿಂದೆ, ಸುಡುವ ಬ್ಯಾಸಗಿಯ ಒಂದು ಮಧ್ಯಾಹ್ನ, ಒಬ್ಬನನ್ನು ಅವನ ಅಣ್ಣತಮ್ಮಂದಿರೇ ಕಲ್ಲಿನಿಂದ ಜಜ್ಜಿ ಕೊಂದು ಅಲ್ಲೇ ಮುಚ್ಚಿದರಂತೆ. ಹೆಸರು ಯಾರಿಗೂ ನೆನಪಿಲ್ಲ. ಹಾದುಹೋಗುವವರು ಒಂದೊಂದು ಕಲ್ಲಿಟ್ಟು, ಮಲಕೋ ಯಪ್ಪಾ ಅಂದು ಹೋಗುತ್ತಾರೆ. ಹೂವಪ್ಪ ಕಲ್ಲಿಟ್ಟ, ಕೈಮುಗಿದ. ಹಿಂದೆ ಬರುತ್ತಿದ್ದ ಶಶಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾನೆ ಅಂತ. ಅದೊಂದು ತಪ್ಪು... ಅದನ್ನು ಅವನು ಇವತ್ತಿಗೂ ಹೇಳಿಕೊಂಡು ಅಳುತ್ತಾನೆ.

ಮುಂದೆ ಇಪ್ಪತ್ತು ಹೆಜ್ಜೆಗೆ ಒಂದು ಚಾಚುಬಂಡೆ. ಅದರ ಕೆಳಗೆ ಕೂತು ಹೂವಪ್ಪ ಅಂಗಾಲಿನ ಮುಳ್ಳು ತೆಗೆಯುತ್ತಿದ್ದ. ತಲೆ ಎತ್ತುವಷ್ಟರಲ್ಲಿ ಶಶಿಕಾಂತ ಮೂರು ಕಲ್ಲಿಟ್ಟು, ಚೀಲದಲ್ಲಿ ತಂದ ಒಣ ಕುಳ್ಳು ಹಚ್ಚಿ, ಚಹಾ ಕುದಿಸಿಬಿಟ್ಟಿದ್ದ. ಇಬ್ಬರೂ ಕುಡಿದರು. ಕುಡಿದ ಮೇಲೆ ಹೂವಪ್ಪ ಒಲೆ ನೋಡಿದ.

"ಕಲ್ಲ ಎಲ್ಲಿಂದ ತಂದಿ?"

"ಅಲ್ಲೇ ಗುಂಪಿ ಐತಲ್ರಿ. ಯಾವನೋ ಪುಣ್ಯಾತ್ಮ ಕೂಡಿಸಿಟ್ಟಾನ."

ಹೂವಪ್ಪ ದಡಕ್ಕನೆ ಎದ್ದ. ಏನೋ ಹೇಳಬೇಕೆಂದ...

ಟಕ್.

ಮಂಜಿನೊಳಗೆ, ಕಲ್ಲಿನ ಮೇಲಿಂದ ಕಲ್ಲು ಸರಿದ ಸಪ್ಪಳ. ಟಕ್... ಟಕ್... ಯಾರೋ ಒಳಗಿನಿಂದ ಒಂದೊಂದೇ ತೆಗೆದಿಟ್ಟಂತೆ. ಆಮೇಲೆ ಏನೂ ಇಲ್ಲ. ಗಾಳಿಯಂತ್ರದ ಸಪ್ಪಳವೂ ಇಲ್ಲ.

"ದನ ಇರಬೇಕ," ಶಶಿ ಪಿಸುಗುಟ್ಟಿದ.

ಭರ್ ಅಂತ ಮೊದಲ ಕಲ್ಲು ಬಂತು. ಚಹಾದ ಪಾತ್ರೆ ಹಾರಿಹೋಯಿತು. ಎರಡನೆಯದು ಶಶಿಯ ಹೆಗಲಿಗೆ... ಹಸಿ ಕಟ್ಟಿಗೆ ಮುರಿದಂತೆ ಲಟಕ್. ಮೂರನೆಯದು ಬಾಯಿಗೆ. ರಕ್ತದ ಜೊತೆ ಎರಡು ಹಲ್ಲು ಅಂಗೈಗೆ ಬಂದವು. ಹುಡುಗು ಬುದ್ಧಿ, ಸಿಟ್ಟು ನೆತ್ತಿಗೇರಿತು.

"ಯಾವನಲೇ ಅಂವ!" ಅಂತ ಬಡಿಗೆ ಹಿಡಿದು ಮಂಜಿನೊಳಗೆ ನುಗ್ಗಿದ.

"ಶಶೀ! ಬ್ಯಾಡೋ!"

ಆಮೇಲೆ ಕೇಳಿದ್ದು ಒಂದೇ ಸಪ್ಪಳ. ಧಪ್... ಧಪ್... ಧಪ್... ಹಸಿ ಬಟ್ಟೆ ಬಂಡೆಗೆ ಬಡಿದಂತೆ.

ಹೂವಪ್ಪ ಕುಂಟುತ್ತಾ ಓಡಿದ. ಶಶಿಕಾಂತ ಗುಂಪಿಯ ಬುಡದಲ್ಲಿ ಅಂಗಾತ ಬಿದ್ದಿದ್ದ. ಮುಖ ಗುರುತು ಹತ್ತುತ್ತಿರಲಿಲ್ಲ. ಹೊಡೆಯುವವರು ಯಾರೂ ಇಲ್ಲ. ಕಲ್ಲು ಮಾತ್ರ ನೆಲದಿಂದ ಏಳುತ್ತಿತ್ತು, ಆಳಿನ ಭುಜದ ಎತ್ತರಕ್ಕೆ. ಅಲ್ಲೊಂದು ಗಳಿಗೆ ತಡೆಯುತ್ತಿತ್ತು... ಮತ್ತೆ ಅದೇ ಮುಖದ ಮೇಲೆ ಇಳಿಯುತ್ತಿತ್ತು.

"ಶಿವಶಿವಾ!" ಹೂವಪ್ಪ ಅವನ ಮೇಲೆ ಕವುಚಿ ಬಿದ್ದ. ಬೆನ್ನಿಗೆ ಒಂದು, ಪಕ್ಕೆಗೆ ಒಂದು. ಒಳಗೆ ಎಲುಬು ಚಟ್ ಅಂತು. ಕೆಳಗೆ ಶಶಿ ಗೊರಗೊರ ಉಸಿರಾಡುತ್ತಿದ್ದ. "ಅಕ್ಕಾ... ಯಕ್ಕಾ..." ಅನ್ನುತ್ತಿದ್ದ.

ಆಗ ಹೂವಪ್ಪನಿಗೆ ಒಲೆ ನೆನಪಾಯಿತು. ಎದ್ದರೆ ಹುಡುಗ ಸಾಯುತ್ತಾನೆ. ಏಳದಿದ್ದರೆ ಇಬ್ಬರೂ. ದೇವರು ಇಂಥ ಹೊತ್ತಿನಲ್ಲಿ ಮನುಷ್ಯನ ಕೈಬಿಡುವುದಿಲ್ಲ ಕಾಣ್ರಿ, ಆದರೆ ಮನುಷ್ಯ ಏಳಬೇಕು.

ಎದ್ದ. ಇಪ್ಪತ್ತು ಹೆಜ್ಜೆ. ಹಿಂದೆ ಧಪ್... ಅಂದಾಗೆಲ್ಲ ತನ್ನ ತಲೆಗೇ ಬಿದ್ದಂತೆ ಕುಗ್ಗಿದ. ತಿರುಗಲಿಲ್ಲ. ಕೆಂಡದಂಥ ಕಲ್ಲು ಬರಿಗೈಯಲ್ಲಿ ಬಾಚಿದ. ಚೊಂಯ್ ಅಂತು... ಕಲ್ಲಲ್ಲ, ಅಂಗೈ. ಮೂರನ್ನೂ ಎದೆಗೆ ಅವಚಿಕೊಂಡು ಬಂದು ಗುಂಪಿಯ ಮೇಲಿಟ್ಟ. ಕೈಗೆ ಅಂಟಿದ ಕಲ್ಲು ಬಿಡಿಸಿದಾಗ ಚರ್ಮ ಅದರ ಜೊತೆಗೇ ಹೋಯಿತು.

ಆದರೂ ಮತ್ತೊಂದು ಕಲ್ಲು ಎದ್ದಿತ್ತು. ದೊಡ್ಡದು. ಶಶಿಯ ನೆತ್ತಿಯ ನೇರಕ್ಕೆ.

ಹೂವಪ್ಪ ಮಂತ್ರ ಹೇಳಲಿಲ್ಲ. ಬೈಯಲಿಲ್ಲ. ಕೂಸಿಗೆ ಹೇಳುವಂತೆ ಮೆಲ್ಲಗೆ ಅಂದ, "ನಿನಗ ಹೊಡದವ್ರು ಇಂವ ಅಲ್ಲ ಯಪ್ಪಾ. ಅವ್ರೆಲ್ಲಾ ಸತ್ತ ಹೋದ್ರು. ನಿನಗೂ ಯಾರರ ಅಕ್ಕ ಇದ್ದಿರಬೇಕು... ಸಾಕ ಮಾಡು."

ಕಲ್ಲು ಅಲ್ಲೇ ನಿಂತಿತ್ತು. ಎಷ್ಟೋ ಹೊತ್ತು.

ಆಮೇಲೆ ಮೆತ್ತಗೆ ನೆಲಕ್ಕೆ ಇಳಿಯಿತು. ಬೀಳಲಿಲ್ಲ... ಯಾರೋ ಇಟ್ಟಂತೆ ಇಳಿಯಿತು.

ಮುರಿದ ಪಕ್ಕೆಯಲ್ಲೇ ಅವನನ್ನು ಬೆನ್ನಿಗೆ ಹಾಕಿಕೊಂಡು ಹೂವಪ್ಪ ಗುಡ್ಡ ಇಳಿದ. ಗುಡಿಯ ಮೆಟ್ಟಿಲ ಹತ್ತಿರ ಯಾರೋ ಟಂಟಂ ಗಾಡಿ ನಿಲ್ಲಿಸಿ ಗಜೇಂದ್ರಗಡದ ದವಾಖಾನಿಗೆ ಮುಟ್ಟಿಸಿದರು. ಶಶಿಕಾಂತ ಉಳಿದ. ಒಂದು ಕಣ್ಣು ಹೋಯಿತು, ಜೀವ ಉಳಿಯಿತು. ಬಾಳವ್ವ ಇವತ್ತಿಗೂ ಕಾಲಕಾಲೇಶ್ವರನಿಗೆ ಸೋಮವಾರ ಬಿಡುವುದಿಲ್ಲ.

ಸುದ್ದಿ ಕೇಳಿ ಬಾಳವ್ವನನ್ನು ಕರೆದುಕೊಂಡು ದವಾಖಾನಿಗೆ ಓಡಿದವನು ನಾನೇ. ಹೂವಪ್ಪ, ಶಶಿ ಇಬ್ಬರ ಬಟ್ಟೆಯಿಂದಲೂ ನೀರು ತೊಟತೊಟ ಸೋರಿ ನೆಲ ಹಳ್ಳವಾಗಿತ್ತು. ಡಾಕ್ಟರಬಾಯಿ ಮೇಧಾ ಅವರು ಹೊಲಿಗೆ ಹಾಕಲು ಶಶಿಯ ತಲೆಯ ಗಾಯ ಬಿಡಿಸಿದರು. ಇಕ್ಕಳದಿಂದ ಒಳಗಿನದನ್ನು ಮೆಲ್ಲಗೆ ತೆಗೆದು ತಟ್ಟೆಗೆ ಹಾಕಿದರು. ಹಾಕಿ, ಬೆರಳಿನಿಂದ ತಿಕ್ಕಿ ನೋಡಿದರು.

"ಇವತ್ತ ಯಾವ ಗುಡ್ಡದ ಮ್ಯಾಲೆ ಬಿಸಲಿತ್ರಿ?" ಅಂದರು.

ತಟ್ಟೆಯಲ್ಲಿದ್ದದ್ದು ಮಣ್ಣು. ಬ್ಯಾಸಗಿಯ ಕೆಂಪು ಧೂಳು, ಊದಿದರೆ ಹಾರುವಷ್ಟು ಒಣಗಿದ್ದು. ಮುಟ್ಟಿದರೆ ಬೆಚ್ಚಗಿತ್ತು.

ಖರೇ ಐತ್ರೀ. ಆ ತಟ್ಟೆ ನನ್ನ ಕೈಯಾಗ ಇತ್ತು.